ಮಾಗಳದ ಬಸ್ಸಿಗೆ ಕೊಟ್ಟ ಕಾಗದಗಳು

ಹಗರಿಬೊಮ್ಮನಹಳ್ಳಿ
೯ ಜೂನ್ ೨೦೨೪

ಮಗಳೇ ಅರ್ಚನಾ,

ನಿನ್ನ ಅಪ್ಪ ನಿವೃತ್ತನಾಗಿ ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ನಾಲ್ಕೂವರೆಗೆ ತಾನೇ ಎಚ್ಚರವಾಗುತ್ತದೆ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಖಾಕಿ ಅಂಗಿಗೆ ಕೈ ಹಾಕಿದ ಮೇಲೆ ನೆನಪಾಗುತ್ತದೆ, ಹೋಗಬೇಕಾದ ಡ್ಯೂಟಿ ಯಾವುದೂ ಇಲ್ಲ ಅಂತ. ಆಮೇಲೆ ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತೇನೆ. "ಒಂದ್ ಕಡಿ ಕುಂದರ್ರಿ, ನಿಮ್ಮನ್ನ ನೋಡಿ ನನಗ ತಲಿ ತಿರಗತೈತಿ" ಎಂದು ನಿನ್ನವ್ವ ಬೈಯುತ್ತಾಳೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ದುಡಿದ ಕಂಡಕ್ಟರನಿಗೆ ಕೂರುವುದು ಎಂಥ ಕಷ್ಟ ಎಂದು ಕುಳಿತವರಿಗೆ ತಿಳಿಯುವುದಿಲ್ಲ.

ಫೋನ್ ಮಾಡಿದರೆ ನೀನು "ಹೂಂ", "ಹಾಂ", "ಆತು" ಎಂಬ ಮೂರು ಟಿಕೆಟ್ ಹರಿದು ಕೊಟ್ಟು ನನ್ನನ್ನು ಇಳಿಸಿಬಿಡುತ್ತೀಯ. ಚಿಕ್ಕವಳಿದ್ದಾಗಲೂ ಹಾಗೇ. ಕಾಗದದಲ್ಲಿ ಮಾತ್ರ ನಿನ್ನ ಕೈ ನಿಲ್ಲುತ್ತಿರಲಿಲ್ಲ. ನೀನು ಹಾಸ್ಟೆಲ್ಲಿನಿಂದ ಬರೆದವು ಇನ್ನೂ ನನ್ನ ಪೆಟ್ಟಿಗೆಯಲ್ಲಿವೆ. ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಯ ತಂಟೆ ಬೇಡ. ಮಾಗಳದ ಬಸ್ಸು ಓಡಿಸುವ ಖಲಂದರ ನನ್ನ ಜೊತೆ ಎಂಟು ವರ್ಷ ದುಡಿದವನು. ಬೆಳಿಗ್ಗೆ ಅವನ ಕೈಗೆ ಕೊಟ್ಟರೆ ಹತ್ತು ಗಂಟೆಗೆ ನಿನ್ನ ಆಸ್ಪತ್ರೆಯ ಮುಂದೆ ಹಾರ್ನ್ ಹೊಡೆಯುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಸುಮ್ಮನೆ ಹಡಗಲಿಯವರೆಗೆ ಹೋಗಿ ಬಂದೆ. ಅಲ್ಲಿ ಸ್ಟ್ಯಾಂಡಿನಲ್ಲಿ ಮಾಗಳದವರಿಬ್ಬರು ಮಾತಾಡುತ್ತಿದ್ದರು. "ಹೊಸಾ ನರ್ಸಮ್ಮ ಭಾಳ ಗರ್ವದಾಕಿ ಅದಾಳ. ನಕ್ಕರ ನಗಂಗಿಲ್ಲ, ಕರದ್ರ ಕುಂದ್ರಂಗಿಲ್ಲ. ಬದಲಿ ಮಾಡ್ರಿ ಅಂತ ಅರ್ಜಿ ಕೊಡೋಣು" ಅಂದರು. ನನ್ನ ಮಗಳಿಗೆ ಗರ್ವವೇ?

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನನ್ನನ್ನು ಕಂಡರೆ ಕೈ ಎತ್ತದವರಿಲ್ಲ. ಯಾಕೆ? ಹತ್ತಿದವರನ್ನೆಲ್ಲ ಮಾತಾಡಿಸಿದೆ. ಯಾರ ಎಮ್ಮೆ ಈದಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ನನಗೆ ಗೊತ್ತಿರುತ್ತಿತ್ತು. ನೀನೂ ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು ನಾಲ್ಕು ಮಾತಾಡು. ಊರು ತಾನಾಗಿಯೇ ನಿನ್ನದಾಗುತ್ತದೆ.

ಇಂತಿ ನಿನ್ನ ಅಪ್ಪ,
ಬಸ್ಸಿಲ್ಲದ ಕಂಡಕ್ಟರ್ ಶಿವಯೋಗಪ್ಪ


ಮಾಗಳ
೨೦ ಜೂನ್ ೨೦೨೪

ಅಪ್ಪಾ,

ಖಲಂದರ ಮಾಮಾ ಹಾರ್ನ್ ಹೊಡೆದ ರಭಸಕ್ಕೆ ಚುಚ್ಚುಮದ್ದಿಗೆ ಬಂದಿದ್ದ ಕೂಸುಗಳೆಲ್ಲ ಸೂಜಿಗೆ ಮೊದಲೇ ಅತ್ತವು.

ನೀನು ಹೇಳುವ ಮೊದಲೇ ಆ ಪ್ರಯತ್ನ ಮಾಡಿದ್ದೇನೆ. ಹುಲುಗಣ್ಣನ ಚಹಾ ಅಂಗಡಿಯ ಕಟ್ಟೆಯ ಮೇಲೆ ಒಮ್ಮೆ ಕುಳಿತೆ. ಹತ್ತು ಜನ ನನ್ನನ್ನೇ ನೋಡಿದರು. ಏನು ಕೇಳಬೇಕೋ ತಿಳಿಯದೆ "ಮಳಿ ಬರತೈತೇನ್ರಿ?" ಅಂದೆ. ಹೊರಗೆ ಮಳೆ ಸುರಿಯುತ್ತಿತ್ತು. ಅವತ್ತಿನಿಂದ ಆ ಕಡೆ ಹೋಗಿಲ್ಲ.

ಆದರೆ ಅಪ್ಪಾ, ಊರು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ನಿನಗೆ ಊರು ಎಂದರೆ ಬಸ್ಸು ತುಂಬಿದ ಜನ. ನನಗೆ ಅದು ಒಂದೊಂದೇ ಬಾಗಿಲು. ಬೆಳಿಗ್ಗೆ ಓಣಿಗಳಲ್ಲಿ ಒಂದು ಸುತ್ತು ಬರುತ್ತೇನೆ. ಯಾರ ಮನೆಯ ಮುಂದೆ ರಂಗೋಲಿ ಬಿದ್ದಿಲ್ಲವೋ ಆ ಮನೆಗೆ ಅವತ್ತು ಮೊದಲು ಹೋಗುತ್ತೇನೆ. ಅಲ್ಲಿ ಯಾರಿಗೋ ಜ್ವರ ಇದ್ದೇ ಇರುತ್ತದೆ, ಇಲ್ಲವೇ ಜಗಳ ನಡೆದಿರುತ್ತದೆ. ನಾನು ಏನೂ ಕೇಳುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಅವರೇ ಹೇಳುತ್ತಾರೆ.

ಹೊಳೆ ಕಡೆಯ ಓಣಿಯಲ್ಲಿ ಒಬ್ಬಳಿದ್ದಾಳೆ. ಒಂಟಿ ಹೆಂಗಸು, ಮಲ್ಲಿಗೆ ಕಟ್ಟಿ ಹಡಗಲಿಗೆ ಕಳಿಸಿ ಬದುಕುವವಳು. ಅವಳಿಗೆ ಟಿ.ಬಿ. ಮೇ ತಿಂಗಳಿಂದ ಮಾತ್ರೆ ನಡೆದಿದೆ, ಆರು ತಿಂಗಳು ಒಂದು ದಿನವೂ ತಪ್ಪದೆ ನುಂಗಬೇಕು. ಈಗ ಅವಳಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಜನ ನಂಬಬೇಕಲ್ಲ? ಗೊತ್ತಾದರೆ ಅವಳ ಹೂವನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೇ ಸಂಜೆ ಹೂ ಕೊಳ್ಳುವ ನೆಪದಲ್ಲಿ ಹೋಗಿ ಮಾತ್ರೆ ಕೊಟ್ಟು ಬರುತ್ತೇನೆ. ಎಂದೂ ಹೂ ಮುಡಿಯದ ನಾನು ದಿನಾ ಒಂದು ಮೊಳ ಕೊಳ್ಳುತ್ತೇನೆ, ತಂದು ನೀರಿನ ಕೊಡದ ಕೊರಳಿಗೆ ಸುತ್ತುತ್ತೇನೆ.

ಇದನ್ನು ಯಾರಿಗೂ ಹೇಳಿಲ್ಲ. ನೀನಾದರೂ ನನ್ನನ್ನು ಗರ್ವದವಳು ಅಂದುಕೊಳ್ಳಬಾರದು ಎಂದು ನಿನಗೆ ಬರೆದೆ. ನನಗೆ ಈ ಊರು ಬೇಕು ಅಪ್ಪಾ. ಬದಲಿ ಬೇಡ.

ನಿನ್ನ
ಅರ್ಚನಾ


ಹಗರಿಬೊಮ್ಮನಹಳ್ಳಿ
೧೩ ಜುಲೈ ೨೦೨೪

ಮಗಳೇ,

ಇನ್ನು ಬದಲಿಯ ಚಿಂತೆ ಬಿಡು! ನಿನ್ನೆ ಮಾಗಳಕ್ಕೆ ಬಂದಿದ್ದೆ. ನೀನು ಹಡಗಲಿಗೆ ಮೀಟಿಂಗಿಗೆ ಹೋಗಿದ್ದೆಯಂತೆ. ಮುಂದಿನ ಬಸ್ಸಿಗೆ ಎರಡು ತಾಸು ಇತ್ತು, ಹುಲುಗಣ್ಣನ ಅಂಗಡಿಯಲ್ಲಿ ಕುಳಿತೆ. ಚಹಾ ಮುಗಿಯುವಷ್ಟರಲ್ಲಿ ಹತ್ತು ಜನ ಸ್ನೇಹಿತರಾದರು. ಒಬ್ಬನ ಅಳಿಯ ಕೊಟ್ಟೂರಿನವನು, ನನ್ನ ಬಸ್ಸಿಗೇ ಹತ್ತುತ್ತಿದ್ದನಂತೆ.

ನರ್ಸಮ್ಮನ ಅಪ್ಪ ಎಂದು ತಿಳಿದದ್ದೇ ಅವರ ಮುಖ ಸಪ್ಪಗಾಯಿತು. "ಸಿಟ್ಟಾಗಬ್ಯಾಡ್ರಿ ಯಜಮಾನ್ರ, ನಿಮ್ಮ ಮಗಳು ನಮ್ಮೂರಾಗ ಬೆರಿಲಿಲ್ಲ" ಅಂದ ಹುಲುಗಣ್ಣ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಹೊಳಿ ಕಡಿ ಓಣ್ಯಾಗ ಹೂವ ಕಟ್ಟೋ ಆಯಮ್ಮಗ ದಿನಾ ಸಂಜಿಕ ಮನಿಗೆ ಹೋಗಿ ಟಿ.ಬಿ. ಮಾತ್ರಿ ನುಂಗಿಸ್ತಾಳ ನನ್ನ ಮಗಳು. ನಿಮ್ಮ ಪೈಕಿ ಯಾರಾರ ಒಬ್ರು ಆ ಹೊಸ್ತಿಲಾ ತುಳದೀರೇನು?" ಎಂದು ಕೇಳಿದೆ.

ಹುಲುಗಣ್ಣ ಚಹಾ ಸೋಸುವುದನ್ನೇ ನಿಲ್ಲಿಸಿದ. "ಯಾರು, ಸುಂಕಮ್ಮನೇನ್ರಿ?" ಎಂದು ಮೆಲ್ಲಗೆ ಕೇಳಿದ. ಹೆಸರು ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಚಹಾಕ್ಕೆ ಅವನು ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ.

ನೋಡಿದೆಯಾ, ನಿನಗೆ ನಾಲ್ಕು ತಿಂಗಳಲ್ಲಿ ಆಗದ್ದು ನನಗೆ ಎರಡು ತಾಸಿನಲ್ಲಿ ಆಯಿತು. ಬಹಳ ದಿನದ ಮೇಲೆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಇಂತಿ ಹೆಮ್ಮೆಯಿಂದ,
ನಿನ್ನ ಅಪ್ಪ


ಮಾಗಳ
೧೯ ಜುಲೈ ೨೦೨೪

ಅಪ್ಪನವರಿಗೆ,

ಐದು ದಿನದಿಂದ ಸುಂಕಮ್ಮನ ಹೂವನ್ನು ಯಾರೂ ಕೊಂಡಿಲ್ಲ. ಹಡಗಲಿಗೆ ಒಯ್ಯುತ್ತಿದ್ದವನು ಅವಳ ಬುಟ್ಟಿಯನ್ನು ರಸ್ತೆಯ ಮೇಲೇ ಬಿಟ್ಟು ಹೋದ. ಹುಲುಗಣ್ಣನ ಹೆಂಡತಿ ದೇವರ ಜಗುಲಿಗೆ ಏರಿಸಿದ್ದ ಮಾಲೆಯನ್ನು ಇಳಿಸಿ ತಿಪ್ಪೆಗೆ ಎಸೆದಳು. ಬಾಗಿಲ ಸಂದಿಯಿಂದ ಸುಂಕಮ್ಮ ಅದನ್ನು ನೋಡಿದಳು. ಇನ್ನು ಎರಡು ವಾರಕ್ಕೆ ಶ್ರಾವಣ ಕೂಡುತ್ತದೆ. ಆ ಒಂದು ತಿಂಗಳ ದುಡಿಮೆ ಅವಳಿಗೆ ವರ್ಷದ ಆಸರೆ.

ನಿನ್ನೆ ಮಾತ್ರೆ ಕೊಡಲು ಹೋದಾಗ, ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡೇ ಅಂದಳು: "ನಿನ್ನ ಬಾಯಾಗ ಮಾತಿಲ್ಲ ಅಂತ ನಂಬಿದ್ನೆವ್ವಾ. ಊರಾಗಿನ ಬಾಯೆಲ್ಲಾ ಬಿಟ್ಟು ನಿನಗ ಒಬ್ಬಾಕಿಗೆ ಬಾಗಲಾ ತಗದಿದ್ನಿ."

ನೀರಿನ ಲೋಟವನ್ನು ಅವಳ ಮುಂದೆ ಸರಿಸಿದೆ. ನನಗೆ ಹೇಳಲು ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ನೀವು ಒಳ್ಳೆಯದಕ್ಕೇ ಮಾಡಿದಿರಿ ಎಂದು ಬರೆಯುತ್ತೀರಿ. ಬರೆಯಬೇಡಿ. ತಪ್ಪು ನನ್ನದೇ. ಜೀವನದಲ್ಲಿ ಒಬ್ಬರಿಗೆ ಒಂದು ಮಾತು ಹೇಳಿದೆ, ಆ ಒಬ್ಬರು ನೀವು.

ಅರ್ಚನಾ


ಹಗರಿಬೊಮ್ಮನಹಳ್ಳಿ
೨೧ ಜುಲೈ ೨೦೨೪

ಅರ್ಚನಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಎಲ್ಲಾ ಕಡೆ "ನೀವು" ಅಂತ ಬರೆದಿದ್ದೀಯ. ಯಾರಿಗೋ ಬರೆದದ್ದು ತಪ್ಪಿ ನನ್ನ ಕೈಗೆ ಬಂದಿದೆ ಅನ್ನಿಸಿತು.

ನಿನ್ನವ್ವನಿಗೆ ಓದಿ ಹೇಳಿದೆ. "ಮಾತು ಆಡಿದರ ಹೋತು, ಮುತ್ತು ಒಡದರ ಹೋತು. ನಿಮ್ಮ ಬಸ್ಸಿಗೆ ಬ್ರೇಕ್ ಇತ್ತು, ಬಾಯಿಗೆ ಇಲ್ಲ" ಅಂದಳು. ಊಟ ಬೇಡವಾಯಿತು. ಸ್ಟ್ಯಾಂಡಿಗೆ ಹೋದೆ, ಅಲ್ಲಿಯೂ ನಿಲ್ಲಲಾಗಲಿಲ್ಲ. ಕೊಟ್ಟೂರಿನ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಇಳಿದು ನಡೆದು ಬಂದೆ.

ನಾನು ಕೆಡಿಸಿದ್ದನ್ನು ನಾನೇ ಸರಿಮಾಡುತ್ತೇನೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ತಪ್ಪು ಯಾರದು ಅಂತ ಊರಿಗೆ ತಿಳಿಯಲೇಬೇಕು.

ಅಪ್ಪ


ಮಾಗಳ
೨೪ ಜುಲೈ ೨೦೨೪

ಅಪ್ಪನವರಿಗೆ,

ನಿಮ್ಮ ಕಾಗದ ನಿಮ್ಮ ಬಸ್ಸಿನಲ್ಲೇ ಬಂತು. ಓದಿ ಓಡಿ ಬರುವಷ್ಟರಲ್ಲಿ ನೀವು ಕಟ್ಟೆ ಹತ್ತಿ ನಿಮ್ಮ ಕಂಡಕ್ಟರ್ ಸೀಟಿ ಊದಿಯಾಗಿತ್ತು.

ಜನ ಕೂಡಿದರು. ನೀವು ಕೈಮುಗಿದು, "ತಪ್ಪು ನಂದು, ನನ್ನ ಮಗಳದಲ್ಲ. ಸುಂಕಮ್ಮನ ಜಡ್ಡು ಯಾರಿಗೂ ಅಂಟಂಗಿಲ್ಲರಿ, ಆಕಿ ಹೂವ ತಗೊಳ್ರಿ" ಎಂದು ಕೂಗಿದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. ಆದರೆ ತಿಳಿಯದೆ ಉಳಿದಿದ್ದ ಅರ್ಧ ಊರಿಗೂ ಅವತ್ತು ತಿಳಿಯಿತು. ಶಾಲೆಗೆ ಹೊರಟಿದ್ದ ಮಕ್ಕಳಿಗೂ ತಿಳಿಯಿತು. ಸಂಜೆ ಅವು ಅವಳ ಮನೆಯ ಮುಂದೆ ಮೂಗು ಮುಚ್ಚಿಕೊಂಡು ಓಡಿದವು.

ಸುಂಕಮ್ಮ ಒಳಗಿನಿಂದ ಅಗಳಿ ಹಾಕಿಕೊಂಡಿದ್ದಾಳೆ. ಮೂರು ದಿನದಿಂದ ಮಾತ್ರೆ ಇಲ್ಲ. ಮಾತ್ರೆ ಬಿಟ್ಟರೆ ಆ ರೋಗ ಮತ್ತೆ ಎದ್ದು ಕೂರುತ್ತದೆ, ಆಮೇಲೆ ಈ ಮಾತ್ರೆಗೆ ಜಗ್ಗುವುದಿಲ್ಲ. ಜೀವದ ಮಾತು ಇದು.

ನನ್ನನ್ನು ಬದಲಿ ಮಾಡಬೇಕೆಂದು ಊರವರು ಅರ್ಜಿಯನ್ನೂ ಬರೆದಿದ್ದಾರೆ. ಗುಟ್ಟು ಹೊರಹಾಕಿದ ನರ್ಸ್ ಬೇಡ ಎಂದು. ಸುಂಕಮ್ಮ ಸಹಿ ಹಾಕಿದರೆ ಕಳಿಸುತ್ತಾರಂತೆ. ಅರ್ಜಿಯನ್ನು ಅವಳ ಬಾಗಿಲ ಕೆಳಗೆ ತೂರಿಸಿದ್ದಾರೆ.

ದಯವಿಟ್ಟು ಬರಬೇಡಿ. ಬರೆಯಲೂ ಬೇಡಿ.

ಅರ್ಚನಾ


ಹಗರಿಬೊಮ್ಮನಹಳ್ಳಿ
೧೧ ಆಗಸ್ಟ್ ೨೦೨೪

ಮಗಳೇ,

ಬರೆಯಬೇಡ ಎಂದಿದ್ದೀಯ. ಇದು ಐದನೆಯ ಕಾಗದ, ನಾಲ್ಕನ್ನು ಹರಿದೆ.

ಖಲಂದರನನ್ನು ದಿನಾ ಕಾಯುತ್ತೇನೆ. ಬಸ್ಸಿನಿಂದ ಇಳಿಯುವ ಮೊದಲೇ ಅವನು ತಲೆ ಅಲ್ಲಾಡಿಸುತ್ತಾನೆ. ಸುಂಕಮ್ಮ ಹೇಗಿದ್ದಾಳೆ ಎಂದು ಕೇಳಿದರೆ, "ನನ್ನ ಕೇಳಬ್ಯಾಡಣ್ಣಾ, ನಾ ರೋಡ್ ನೋಡ್ತೀನಿ ಅಷ್ಟ" ಅನ್ನುತ್ತಾನೆ. ಅವನೂ ನನ್ನ ಮುಂದೆ ಬಾಯಿ ಬಿಡಲು ಹೆದರುತ್ತಾನೆ.

ಒಂದು ಹಳೆಯ ಸಂಗತಿ ಕಾಡುತ್ತಿದೆ. ಇಪ್ಪತ್ತು ವರ್ಷದ ಹಿಂದಿನದು. ಕಾನಹೊಸಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು. ಅವಳ ಅಣ್ಣ ತೀರಿಕೊಂಡ ಸುದ್ದಿ ನನಗೆ ಹಿಂದಿನ ಸ್ಟಾಪಿನಲ್ಲೇ ಸಿಕ್ಕಿತ್ತು. ನಾನು ಬಾಗಿಲಲ್ಲೇ ನಿಂತು, "ಯವ್ವಾ, ನಿಮ್ಮಣ್ಣ ತೀರಿಕೊಂಡಾನಂತ. ಏ ಸೀಟ್ ಬಿಡ್ರೋ, ಪಾಪ ಆಕಿ ಅಣ್ಣ ಸತ್ತಾನ" ಎಂದು ಕೂಗಿದೆ. ಐದು ಜನ ಎದ್ದು ಸೀಟು ಬಿಟ್ಟರು. ಎಂಥ ಜನ, ಎಂಥ ಬಸ್ಸು ಎಂದು ಈ ಕತೆಯನ್ನು ನೂರು ಸಲ ಹೇಳಿದ್ದೇನೆ, ನಿನಗೂ ಹೇಳಿದ್ದೇನೆ. ಆದರೆ ಮುಂದಿನದನ್ನು ಎಂದೂ ಹೇಳಿರಲಿಲ್ಲ, ಯಾಕೆಂದರೆ ನೆನಪೇ ಇರಲಿಲ್ಲ. ಅವಳು ಕೂರಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು. ಅದು ಅವಳ ಊರಾಗಿರಲಿಲ್ಲ. ಸುತ್ತ ಬರೀ ಹೊಲ.

ನಾನು ಕೆಟ್ಟವನಲ್ಲ ಅರ್ಚನಾ. ಸುತ್ತ ಯಾರೂ ಮಾತಾಡದಿದ್ದರೆ ನಾನು ಇಲ್ಲವೇ ಇಲ್ಲ ಅನ್ನಿಸಿಬಿಡುತ್ತದೆ. ಅದಕ್ಕೇ ಕಂಡದ್ದು ಕೇಳಿದ್ದೆಲ್ಲ ಹಂಚುತ್ತಾ ಬಂದೆ. ಹಂಚಿದ್ದು ಯಾರದು ಎಂದು ನೋಡಲಿಲ್ಲ. ನಿನ್ನನ್ನು ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಉತ್ತರ ಬರೆಯದಿದ್ದರೂ ಸರಿ, ಆಯಮ್ಮ ಮಾತ್ರೆ ತೆಗೆದುಕೊಂಡಳೋ ಇಲ್ಲವೋ, ಅಷ್ಟು ತಿಳಿಸು. ಯಾರಿಗೂ ಹೇಳುವುದಿಲ್ಲ ಅಂದರೆ ನೀನು ನಂಬುವುದಿಲ್ಲ. ನಂಬು ಎಂದು ಕೇಳುವ ಮುಖವೂ ನನಗಿಲ್ಲ.

ನಿನ್ನ ಅಪ್ಪ


ಮಾಗಳ
೧೮ ಆಗಸ್ಟ್ ೨೦೨೪

ಅಪ್ಪಾ,

ತೆಗೆದುಕೊಂಡಳು. ಮೊದಲು ಅದನ್ನೇ ಬರೆದಿದ್ದೇನೆ, ನಿನಗೆ ತಡೆಯುವುದಿಲ್ಲ ಎಂದು ಗೊತ್ತು.

ಬಾಗಿಲು ತಟ್ಟಿ ಏನಾದರೂ ಹೇಳೋಣ ಎಂದರೆ ನನಗೆ ಮಾತು ಹೊರಡಲಿಲ್ಲ. ಅದಕ್ಕೇ ತೋಟದಿಂದ ಒಂದು ಬುಟ್ಟಿ ಮೊಗ್ಗು, ಬಾಳೆನಾರು ತಂದು ಅವಳ ಹೊಸ್ತಿಲ ಹೊರಗೆ ಕುಳಿತು ಕಟ್ಟತೊಡಗಿದೆ. ದಿನಾ ಸಂಜೆ, ಓಣಿಯವರೆಲ್ಲ ನೋಡುವ ಹಾಗೆ. ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಕೆಲವರು ನಕ್ಕರು. ಒಂದು ಮುದುಕಿ ಮಾತ್ರ ನೀರು ತಂದಿಟ್ಟು ಹೋದಳು.

ಒಂಬತ್ತನೆಯ ದಿನ ಬಾಗಿಲು ಅರ್ಧ ತೆರೆಯಿತು. "ಏನವ್ವಾ ಅದು, ಕೋಳಿ ಕೆದರಿದಂಗ! ಹಿಂಗ ಕಟ್ಟಿದ್ರ ಹಡಗಲಿ ಮುಟ್ಟೋದ್ರಾಗ ಅರ್ಧ ಉದುರ್ತಾವು. ತಾ ಇಲ್ಲಿ" ಎಂದು ಸುಂಕಮ್ಮ ಬುಟ್ಟಿ ಕಸಿದುಕೊಂಡಳು. ಬಹಳ ಸೊರಗಿದ್ದಳು. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುತ್ತಾ, "ಯಾರ ಮುಂದ ಹೇಳಿದ್ದಿ?" ಅಂದಳು.

"ನಮ್ಮಪ್ಪನ ಮುಂದ" ಅಂದೆ.

ಅವಳು ಒಂದು ಮೊಳ ಕಟ್ಟಿ ಮುಗಿಸಿದಳು. ಆಮೇಲೆ, "ನಾನೂ ನಮ್ಮಪ್ಪನ ಮುಂದ ಹೇಳ್ತಿದ್ನೇನೋ, ಇದ್ದಿದ್ರ" ಅಂದಳು. ಅಂದು ಕೈ ಚಾಚಿದಳು. ಮಾತ್ರೆ ಕೊಟ್ಟೆ. ನಾನು ಅತ್ತೆ ಅಪ್ಪಾ, ಅವಳ ಮುಂದೆಯೇ. ತಪ್ಪಿದ ದಿನಗಳನ್ನು ಕೊನೆಗೆ ಸೇರಿಸಿ ಡಿಸೆಂಬರಿನವರೆಗೆ ನುಂಗಬೇಕು ಎಂದು ಡಾಕ್ಟರು ಹೇಳಿದ್ದಾರೆ.

ಇಲ್ಲಿಯೂ ಹಡಗಲಿಯಲ್ಲಿಯೂ ಈಗಲೂ ಅವಳ ಹೂ ನಡೆಯುವುದಿಲ್ಲ. ಇದು ಅವಳು ನಿನಗೆ ಹೇಳಿ ಕಳಿಸಿದ ಮಾತು, ಅವಳು ಹೇಳಿದಂತೆಯೇ ಬರೆಯುತ್ತೇನೆ: "ನಿಮ್ಮಪ್ಪಗ ಬಾಯಿ ಐತಲ್ಲ, ನನ್ನ ಹೂವ ನಿಮ್ಮೂರಾಗ ಮಾರಿ ಕೊಡಲಿ. 'ಹೂವ' ಅಂತ ಅಷ್ಟ ಕೂಗಬೇಕು. ಮುಂದಿಂದು ಒಂದಕ್ಷರ ಬಾಯಾಗ ಬರಬಾರದು."

ಈ ಕಾಗದದ ಜೊತೆ ಮೊದಲ ಗಂಟು ಬಂದಿದೆ. ಸುತ್ತಿದ ಹಾಳೆಯನ್ನು ಬಿಸಾಡುವ ಮೊದಲು ಓದು.

ನಿನ್ನ
ಅರ್ಚನಾ


ಹಗರಿಬೊಮ್ಮನಹಳ್ಳಿ
೧೫ ಸೆಪ್ಟೆಂಬರ್ ೨೦೨೪

ಮಗಳೇ,

ಹಾಳೆಯನ್ನು ಬಿಸಾಡಿಲ್ಲ, ಪೆಟ್ಟಿಗೆಯಲ್ಲಿ ನಿನ್ನ ಹಾಸ್ಟೆಲ್ ಕಾಗದಗಳ ಜೊತೆ ಇಟ್ಟಿದ್ದೇನೆ. ನಿನ್ನನ್ನು ಬದಲಿ ಮಾಡಿ ಎಂಬ ಅರ್ಜಿ, ಇಪ್ಪತ್ತಾರು ಸಹಿ, ಇಪ್ಪತ್ತೇಳನೆಯ ಜಾಗ ಖಾಲಿ. ಅದರಲ್ಲಿ ಮಲ್ಲಿಗೆ ಸುತ್ತಿ ಕಳಿಸಿದ ಹೆಣ್ಣುಮಗಳಿಗೆ ನಾನು ಏನು ಹೇಳಲಿ? ಹೇಳದಿರುವುದೇ ವಾಸಿ.

ಈಗ ಬೆಳಿಗ್ಗೆ ಎದ್ದರೆ ಹೋಗುವುದಕ್ಕೆ ಒಂದು ಜಾಗ ಇದೆ. ಖಲಂದರ ಬುಟ್ಟಿ ಇಳಿಸುತ್ತಾನೆ, ನಾನು ಸ್ಟ್ಯಾಂಡಿನಲ್ಲಿ ಕೂಗುತ್ತೇನೆ. ಗಣಪತಿ ಹಬ್ಬಕ್ಕೆ ಒಂದು ತಾಸಿನಲ್ಲಿ ಬುಟ್ಟಿ ಬರಿದಾಯಿತು. ನಿನ್ನವ್ವ ದಿನಾ ಮೊದಲ ಮೊಳವನ್ನು ತಾನೇ ಮುಡಿಯುತ್ತಾಳೆ, ಎಲ್ಲರ ಕಣ್ಣ ಮುಂದೆ.

ಆದರೆ ನನ್ನ ಪಾಡು ಕೇಳು. ದಿನಕ್ಕೆ ಹತ್ತು ಜನ ಕೇಳುತ್ತಾರೆ, "ಶಿವಯೋಗಪ್ಪಣ್ಣಾ, ಎಷ್ಟ್ ಒತ್ತಾಗಿ ಕಟ್ಟ್ಯಾರೋ! ಯಾರು ಕಟ್ಟಿದ್ದು?" ನಾಲಿಗೆ ತುದಿಗೆ ಇಡೀ ಕತೆ ಬಂದು ನಿಲ್ಲುತ್ತದೆ. ಒಂಬತ್ತು ದಿನ ಹೊಸ್ತಿಲಲ್ಲಿ ಕೂತ ನನ್ನ ಮಗಳ ಕತೆ! ಅದನ್ನು ಹೇಳದೆ ಇರುವುದೆಂದರೆ ಸೀನು ತಡೆದಂತೆ. "ಹಡಗಲಿ ಮಲ್ಲಿಗಿ" ಅಂದು ಉಗುಳು ನುಂಗುತ್ತೇನೆ.

ನಿನ್ನ ಅಪ್ಪ,
ಹೂವಿನ ಶಿವಯೋಗಪ್ಪ


ಮಾಗಳ
೨ ಡಿಸೆಂಬರ್ ೨೦೨೪

ಅಪ್ಪಾ,

ನಿನ್ನೆ ಸುಂಕಮ್ಮ ಕೊನೆಯ ಮಾತ್ರೆ ನುಂಗಿದಳು. ಕಫದ ಪರೀಕ್ಷೆಯಲ್ಲಿ ಏನೂ ಇಲ್ಲ. ಡಾಕ್ಟರು ಕೊಟ್ಟ ಚೀಟಿಯನ್ನು ಮಡಚಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.

ಇವತ್ತು ಬ್ಯಾಗಿನಲ್ಲಿ ಮಾತ್ರೆ ಇರಲಿಲ್ಲ, ಆದರೂ ಕಾಲುಗಳು ಆ ಓಣಿಗೇ ಹೋದವು. ಬಸ್ಸಿನ ಹೊತ್ತು. ಸುಂಕಮ್ಮ ಬುಟ್ಟಿ ಹೊತ್ತು ಕಟ್ಟೆಯವರೆಗೆ ಬಂದಳು, ಜನ ಎಂದಿನಂತೆ ಸರಿದು ಜಾಗ ಮಾಡಿದರು. ನನಗೆ ಏನಾಯಿತೋ, ಬುಟ್ಟಿಯಿಂದ ಒಂದು ಮೊಳ ತೆಗೆದು ಎಲ್ಲರ ಮಧ್ಯೆ ನಿಂತು ಮುಡಿದುಕೊಂಡೆ. ಮುಡಿಯಲು ಬರದೆ ಎರಡು ಸಲ ಬಿತ್ತು. ಮೂರನೆಯ ಸಲ ಹುಲುಗಣ್ಣನ ಹೆಂಡತಿ ಹಿಂದಿನಿಂದ ಬಂದು ಪಿನ್ನು ಸಿಕ್ಕಿಸಿದಳು. "ನನಗೂ ಒಂದು ಮೊಳ ಕೊಡು" ಎಂದು ಸುಂಕಮ್ಮನಿಗೆ ಕೇಳಿದಳು, ಮುಖ ನೋಡದೆ. ಉಳಿದವರು ಇನ್ನೂ ದೂರವೇ ಇದ್ದಾರೆ. ಇರಲಿ. ನಾನು ಎಲ್ಲಿಗೂ ಹೋಗುವುದಿಲ್ಲವಲ್ಲ.

ಬರುವ ಭಾನುವಾರ ಸುಂಕಮ್ಮ ನಿನ್ನನ್ನು, ಅವ್ವನನ್ನು ಊಟಕ್ಕೆ ಕರೆದಿದ್ದಾಳೆ. "ಸೀಟಿ ಮನ್ಯಾಗ ಇಟ್ಟು ಬರಾಕ ಹೇಳು" ಅಂದಿದ್ದಾಳೆ.

ನಿನ್ನ
ಅರ್ಚನಾ


ಹಗರಿಬೊಮ್ಮನಹಳ್ಳಿ
೫ ಡಿಸೆಂಬರ್ ೨೦೨೪

ಮಗಳೇ,

ಭಾನುವಾರ ಮೊದಲ ಬಸ್ಸಿಗೆ ಬರುತ್ತೇವೆ. ಸೀಟಿಯನ್ನು ನಿನ್ನವ್ವನ ಕೈಗೆ ಕೊಟ್ಟಿದ್ದೇನೆ, ಅವಳು ಅಕ್ಕಿ ಡಬ್ಬಿಯಲ್ಲಿ ಹೂತಿದ್ದಾಳೆ.

ನಿನ್ನೆ ಬುಟ್ಟಿ ಖಾಲಿಯಾಗಿ ಏಳುವ ಹೊತ್ತಿಗೆ ಒಬ್ಬರು ಬಂದು ಪಕ್ಕದಲ್ಲಿ ಕುಳಿತರು. ಹೂವಿಗೆ ಬಂದವರಲ್ಲ. ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಆಮೇಲೆ "ನಿಮ್ಮ ಮುಂದ ಒಂದ್ ಮಾತು ಹೇಳಬೋದೇನು?" ಅಂದರು. ಹೇಳಿದರು. ಅತ್ತರು. ಎದ್ದು ಹೋದರು.

ಮೂವತ್ತೊಂದು ವರ್ಷದಲ್ಲಿ ಸಾವಿರ ಸುದ್ದಿ ಸಿಕ್ಕಿದ್ದವು. ಗುಟ್ಟು ಎಂದು ನಂಬಿ ಹೇಳಿದವರು ಒಬ್ಬರೂ ಇರಲಿಲ್ಲ. ಯಾಕೆ ಎಂದು ಈಗ ತಿಳಿಯುತ್ತದೆ.

ಅವರು ಯಾರು, ಏನು ಹೇಳಿದರು ಎಂದು ನಿನಗೂ ಬರೆಯುವುದಿಲ್ಲ. ನಿನ್ನೆಯಿಂದ ಅದು ಹೊಟ್ಟೆಯೊಳಗೆ ಒದೆಯುತ್ತಿದೆ. ಬೆಳಿಗ್ಗೆ ಮತ್ತೆ ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ನಿನ್ನವ್ವ ಹೊರಗೆ ಬಂದು, "ಏನಾತ್ರಿ?" ಎಂದು ಕೇಳಿದಳು.

"ಹೂಂ" ಅಂದೆ.

ನಿನ್ನ ಅಪ್ಪ